ಶ್ರವಣದಿಂದ ನುಡಿಗೆ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರವನ್ನು ಶ್ರಾವಣ, ಚಾಕ್ಷುಷ ಎಂದು ಎರಡು ಬಗೆಯಾಗಿ ಹೇಳಿದ್ದಾನೆ. ಕಿವಿಗೆ ಕೇಳುವುದು ಶ್ರಾವಣ. ಕಣ್ಣಿಗೆ ಕಾಣುವ ಲಿಪಿರೂಪವು ಚಾಕ್ಷುಷ. ಶಾಲೆಗೆ ಬರುವ ಮಗು ಮೊದಲನೆಯದನ್ನು ತಾಯ ಮಡಿಲಿನಲ್ಲಿಯೇ ಗಳಿಸಿಕೊಂಡು ಬಂದಿರುತ್ತದೆ. ಉಪಾಧ್ಯಾಯರು ಅದರ ಮೇಲೆ ಎರಡನೆಯದನ್ನು ಕಟ್ಟುತ್ತಾರೆ. ಹುಟ್ಟುಕಿವುಡಾದ ಮಗುವಿಗೆ ಈ ಮೊದಲ ಗಳಿಕೆಯೇ ಇಲ್ಲ. ಸಾಮಾನ್ಯವಾಗಿ ಅದರ ನಾಲಗೆಯಲ್ಲಿ ದೋಷವಿರುವುದಿಲ್ಲ, ಬುದ್ಧಿಯಲ್ಲಿ ಕೊರತೆಯಿರುವುದಿಲ್ಲ. ನುಡಿ ಒಳಹೊಗುವ ಬಾಗಿಲು ಮುಚ್ಚಿರುವುದರಿಂದಲೇ ಮಾತು ಹೊರಡದು.

ಒಳಕಿವಿಯಲ್ಲಿ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅಲ್ಲಿನ ಸುಮಾರು 15 ಸಾವಿರ ರೋಮಕೋಶಗಳ ನೆರವಿನಿಂದ ನಾದದ ಕಂಪನವು ವಿದ್ಯುತ್ಸಂಜ್ಞೆಯಾಗಿ ಶ್ರವಣನರಕ್ಕೆ ಸೇರುತ್ತದೆ. ಈ ಕೋಶಗಳು ನಾಶವಾದರೆ ಮಾನವರಲ್ಲಿ ಮತ್ತೆ ಹುಟ್ಟವು. ಸಾಮಾನ್ಯ ಶ್ರವಣಯಂತ್ರವು ಶಬ್ದವನ್ನು ಹಿಗ್ಗಿಸಬಲ್ಲುದೇ ಹೊರತು ಇಲ್ಲದ ಕೋಶದ ಕಾರ್ಯವನ್ನು ಮಾಡಲಾರದು. ಕಾಕ್ಲಿಯರ್ ಇಂಪ್ಲಾಂಟ್ ಆ ಕೋಶಗಳನ್ನು ಬಳಸದೆ, ಶಂಖದೊಳಗೆ ಇರಿಸಿದ ವಿದ್ಯುದ್ವಾರಗಳ ಮೂಲಕ ನರವನ್ನು ನೇರವಾಗಿ ಪ್ರಚೋದಿಸುತ್ತದೆ. 1957ರಲ್ಲಿ ಪ್ಯಾರಿಸ್ಸಿನ ಜೂರ್ನೊ ಮತ್ತು ಎರಿಯೆಸ್ ಎಂಬ ವೈದ್ಯರು ಶ್ರವಣನರವನ್ನು ಹೀಗೆ ಪ್ರಚೋದಿಸಿ ತೋರಿಸಿದರು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಅವರು ಅನೇಕ ವಿದ್ಯುದ್ವಾರಗಳುಳ್ಳ ಸಾಧನವನ್ನು ಅಳವಡಿಸಿದರು. 1990ರಲ್ಲಿ ಅಮೆರಿಕವು ಎರಡು ವರ್ಷ ತುಂಬಿದ ಮಕ್ಕಳಿಗೆ ಇದನ್ನು ಅನುಮೋದಿಸಿತು. ಇಂದು ಒಂದು ವರ್ಷದ ಆಸುಪಾಸಿನಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಇಷ್ಟು ಅವಸರವೇಕೆಂಬುದನ್ನು ತಿಳಿಯಬೇಕು. ಮಿದುಳಿನ ಶ್ರವಣಭಾಗವು ಎಳೆತನದಲ್ಲಿ ಶಬ್ದದ ನಿರೀಕ್ಷೆಯಲ್ಲಿರುತ್ತದೆ. ಶಬ್ದ ಬಾರದಿದ್ದರೆ ಅದು ಅನ್ಯಕಾರ್ಯಗಳಿಗೆ ಒಲಿಯತೊಡಗುತ್ತದೆ. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದವರಲ್ಲಿ ಮಿದುಳಿನ ಸ್ಪಂದನವು ಸಹಜಸ್ಥಿತಿಯನ್ನು ಸಮೀಪಿಸುತ್ತದೆಂದೂ, ಏಳು ವರ್ಷ ಕಳೆದ ಹುಟ್ಟುಕಿವುಡರಲ್ಲಿ ಫಲ ಬಹಳ ಕುಗ್ಗುತ್ತದೆಂದೂ ಸಂಶೋಧನೆಗಳು ತೋರಿಸಿವೆ. ಆದುದರಿಂದಲೇ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರದ ಆರಂಭ ಎಂಬ ನಿಯಮವನ್ನು ತಜ್ಞರು ಮುಂದಿಟ್ಟಿದ್ದಾರೆ. “ನಿಧಾನವಾಗಿ ಮಾತು ಬಂದೀತು” ಎಂಬ ಹಿರಿಯರ ಸಮಾಧಾನದಲ್ಲಿ ಕಳೆಯುವ ಒಂದೊಂದು ತಿಂಗಳೂ ಮರಳಿ ದೊರೆಯದು.

ಆದರೆ ಯಂತ್ರವು ಕೊಡುವುದು ಶಬ್ದವನ್ನು, ಭಾಷೆಯನ್ನಲ್ಲ. ಶಸ್ತ್ರಚಿಕಿತ್ಸೆಯ ಕೆಲವು ವಾರಗಳ ಬಳಿಕ ಯಂತ್ರವನ್ನು ಚಾಲನೆಗೊಳಿಸಿದ ದಿನವೇ ಮಗುವಿನ ಶ್ರವಣಜನ್ಮ. ಎರಡನೆಯ ವಯಸ್ಸಿನಲ್ಲಿ ಚಾಲನೆ ಪಡೆದ ಮಗುವಿಗೆ ಮೂರು ತುಂಬಿದಾಗ ಅದರ ಶ್ರವಣವಯಸ್ಸು ಒಂದೇ ವರ್ಷ. ಓರಗೆಯ ಮಕ್ಕಳೊಡನೆ ಅದನ್ನು ತೂಗಿ ನೋಡುವುದು ನ್ಯಾಯವಲ್ಲ.

ಕನ್ನಡದ ಸ್ವರೂಪವೂ ಇಲ್ಲಿ ವಿಚಾರಾರ್ಹ. ‘ಬಿಡು–ಬೀಡು’, ‘ಬಲ–ಬಾಲ’ ಇವುಗಳ ಹ್ರಸ್ವದೀರ್ಘಭೇದವು ಕಾಲಪ್ರಮಾಣದ ಭೇದ. ಇಂಪ್ಲಾಂಟ್ ಕಾಲವನ್ನು ಚೆನ್ನಾಗಿ ತಲುಪಿಸುತ್ತದೆ. ‘ಬೆಲೆ–ಬೆಳೆ’ಗಳ ಲಕಾರ ಳಕಾರಗಳ ಭೇದವಾದರೋ ನಾದದ ಸೂಕ್ಷ್ಮ ಬಣ್ಣದ್ದು, ಅದು ಕಷ್ಟಸಾಧ್ಯ. ಇನ್ನೂ ಮುಖ್ಯವಾದುದು ಪ್ರತ್ಯಯ. ಮನೆಗೆ, ಮನೆಯಲ್ಲಿ, ಮನೆಯಿಂದ. ಬಂದನು, ಬಂದಳು, ಬಂದಿತು: ಅರ್ಥವೆಲ್ಲ ಪದದ ತುದಿಯಲ್ಲಿದೆ, ಅವಸರದ ಮಾತಿನಲ್ಲಿ ಸವೆಯುವುದೂ ಆ ತುದಿಯೇ. ಮಗು ಪ್ರಕೃತಿಯನ್ನು ಹಿಡಿದು ಪ್ರತ್ಯಯವನ್ನು ಕಳೆದುಕೊಳ್ಳಬಹುದು. ಅದು “ಅಪ್ಪ ಅಂಗಡಿ ಹೋದ” ಎಂದಾಗ ಗದರದೆ, “ಹೌದು, ಅಪ್ಪ ಅಂಗಡಿಗೆ ಹೋದರು” ಎಂದು ತುದಿಯನ್ನು ಸ್ಪಷ್ಟವಾಗಿ ನುಡಿದು ಮರಳಿ ಕೇಳಿಸಬೇಕು. ವ್ಯಾಕರಣಪಾಠ ನಡೆಯುವುದು ಇಂತಹ ಸಹಸ್ರ ಸಂಭಾಷಣೆಗಳಲ್ಲಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಕಾರ್ಯಕ್ಕೆ ತನ್ನದೇ ಆದ ತೊಡಕುಗಳಿವೆ. ದೊಡ್ಡಬಳ್ಳಾಪುರದಲ್ಲಿ ವಾಸದ ಮನೆಯಲ್ಲಿಯೇ ವಿದ್ಯುತ್ ಮಗ್ಗ ನಡೆಸುವ ಕುಟುಂಬಗಳು ಅನೇಕ. ಗದ್ದಲದಲ್ಲಿ ಮಾತನ್ನು ಬೇರ್ಪಡಿಸಿ ಆಲಿಸುವುದು ಇಂಪ್ಲಾಂಟ್ ಧರಿಸಿದ ಮಗುವಿಗೆ ಅತ್ಯಂತ ಶ್ರಮದ ಕೆಲಸ. ಅಂತಹ ಮನೆಯಲ್ಲಿ ಮಗ್ಗ ನಿಂತ ಹೊತ್ತೇ ಪಾಠದ ಹೊತ್ತು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಗಳ ಹಳ್ಳಿಯ ಕೂಲಿಕಾರನಿಗೆ ವಾರವಾರವೂ ತರಬೇತಿಗೆಂದು ಬೆಂಗಳೂರಿಗೆ ಹೋಗಿಬರುವುದೆಂದರೆ ಬಸ್ಸಿನ ವೆಚ್ಚ, ಮೇಲೆ ದಿನದ ಕೂಲಿಯ ನಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವೂ ಉಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲಿ ಮಕ್ಕಳೊಡನೆ ತಾಯಂದಿರಿಗೂ ಶಿಕ್ಷಣ ದೊರೆಯುತ್ತದೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ್ದು. ಬ್ಯಾಟರಿ, ತಂತಿ, ದುರಸ್ತಿ, ಪ್ರಯಾಣ ಇವು ವರ್ಷಾನುವರ್ಷದವು. ಬ್ಯಾಟರಿ ಮುಗಿದ ದಿನ ಮಗು ಮತ್ತೆ ಕಿವುಡು. ದಾನಿಗಳ ಔದಾರ್ಯಕ್ಕೆ ಇದಕ್ಕಿಂತ ತಕ್ಕ ಸ್ಥಳ ವಿರಳ.

ಉಪಾಧ್ಯಾಯರಿಗೂ ಒಂದು ಸುಲಭ ಸಾಧನವಿದೆ. ಡೇನಿಯಲ್ ಲಿಂಗ್ ಎಂಬ ಶ್ರವಣಶಿಕ್ಷಣತಜ್ಞರು ರೂಪಿಸಿದ ಪರೀಕ್ಷೆಯಲ್ಲಿ ಆರು ಧ್ವನಿಗಳಿವೆ: ಆ, ಈ, ಊ, ಮ್, ಶ್, ಸ್. ಮಂದ್ರದಿಂದ ತಾರದವರೆಗೆ ಮಾತಿನ ನಾದವ್ಯಾಪ್ತಿಯೆಲ್ಲ ಇವುಗಳಲ್ಲಿ ಅಡಕವಾಗಿದೆ. ಪ್ರತಿದಿನವೂ ತುಟಿ ಕಾಣದಂತೆ ಇವನ್ನು ನುಡಿದು ಮಗುವಿನಿಂದ ಮರುನುಡಿಸಬೇಕು. ನಿನ್ನೆ ಕೇಳಿದ ‘ಸ್’ ಇಂದು ಕೇಳದಿದ್ದರೆ ಯಂತ್ರವನ್ನು ಪರೀಕ್ಷಿಸಬೇಕು; ಮಗುವನ್ನು ಅಲಕ್ಷ್ಯದ ಅಪರಾಧಿಯೆನ್ನಬಾರದು. ಮುಂದಿನ ಸಾಲಿನಲ್ಲಿ ಸ್ಥಾನ ಕೊಟ್ಟು, ಕರಿಹಲಗೆಯತ್ತ ತಿರುಗಿ ಮಾತನಾಡುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆಯೇ.

ಇಂಪ್ಲಾಂಟಿನ ಫಲ ಎಲ್ಲ ಮಕ್ಕಳಲ್ಲಿ ಸಮಾನವಲ್ಲ. ಕಾಲ ಮೀರಿದವರಿಗೆ, ಅದು ಒಗ್ಗದವರಿಗೆ ಸಂಜ್ಞಾಭಾಷೆಯಿದೆ. ಅದೂ ವ್ಯಾಕರಣಬದ್ಧವಾದ ಪೂರ್ಣ ಭಾಷೆಯೇ. ಯಾವ ದಾರಿಯಿಂದಲಾದರೂ ಸರಿ, ಎಳೆಯ ವಯಸ್ಸಿನಲ್ಲಿ ಒಂದು ಭಾಷೆ ಪೂರ್ಣವಾಗಿ ದೊರೆಯಲೇಬೇಕು. ಅದು ದೊರೆತ ಮಗುವಿಗೆ ಓಲೆಯ ಮೇಲಿನ ಚಾಕ್ಷುಷಾಕ್ಷರವೂ ಅರ್ಥವತ್ತಾಗಿ ಮಾತನಾಡುತ್ತದೆ.