ಪುಟ್ಟ ಕಾರಿಗೆ ದೊಡ್ಡ ಉಸಿರು ಬೇಕೇ?

ಮಕ್ಕಳ ಕೈಗೆ ಹಳೆಯ ಹೋಂಡಾ ಸಿವಿಕ್ಕಿನ ಕೀಲಿ ಬಂದ ಕೂಡಲೇ ಶುರುವಾಗುವ ಬೇಡಿಕೆಗಳಲ್ಲಿ "ಕೋಲ್ಡ್ ಏರ್ ಇನ್‌ಟೇಕ್" ಒಂದು. ಹಣ ಕೊಡುವ ಮುನ್ನ ಅದೇನೆಂದು ತಿಳಿದಿರಲಿ ಎಂದು ಈ ನಾಲ್ಕು ಮಾತು.

ಒಂದು ಪಾಲು ಗ್ಯಾಸ್ ಉರಿಯಲು, ತೂಕದ ಲೆಕ್ಕದಲ್ಲಿ, ಸುಮಾರು 14 ಪಾಲು ಗಾಳಿ ಬೇಕು. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ. 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಅದೇ ಜಾಗದಲ್ಲಿ ಶೇಕಡಾ 3ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಇಷ್ಟೇ ಇದರ ಗುಟ್ಟು.

ಅಗ್ಗದ "ಶಾರ್ಟ್ ರ‍್ಯಾಮ್" ಕೊಳವೆ ಬಾನೆಟ್ಟಿನೊಳಗೇ ಗಾಳಿ ಎಳೆಯುತ್ತದೆ. ಒಲೆಯ ಪಕ್ಕ ನಿಂತು ಉಸಿರಾಡಿದ ಹಾಗೆ! ಕಂಪನಿಯವರೇ ಕೂರಿಸಿದ ಡಬ್ಬ ಬಹುಪಾಲು ಕಾರುಗಳಲ್ಲಿ ಹೊರಗಿನ ಗಾಳಿಯನ್ನೇ ತರುತ್ತದೆ. ಅದನ್ನು ಕಿತ್ತು ಇದನ್ನು ಹಾಕಿದರೆ ಹೆಚ್ಚುವುದು ಮುಖ್ಯವಾಗಿ ಶಬ್ದ. (ಹುಡುಗರಿಗೆ ಬೇಕಾದದ್ದೂ ಅದೇ ಎನ್ನಿ.)

ನಿಜವಾದ ಕೋಲ್ಡ್ ಏರ್ ಇನ್‌ಟೇಕ್‌ನಲ್ಲಿ ಉದ್ದ ಕೊಳವೆಯೊಂದು ಕೆಳಗಿಳಿದು, ಫಿಲ್ಟರ್ ಬಂಪರಿನ ಹಿಂದೆ ಕೂರುತ್ತದೆ. ಎಂಜಿನ್ನನ್ನು ಪೂರ್ತಿ ಎಳೆದು ಓಡಿಸಿದಾಗ ಕೆಲವು ಕುದುರೆಶಕ್ತಿ ಸಿಗಬಹುದು. ಆದರೆ ಮಳೆಯಲ್ಲಿ ರಸ್ತೆಯ ಹೊಂಡಕ್ಕೆ ಇಳಿದು ಫಿಲ್ಟರ್ ಮುಳುಗಿದರೆ ಎಂಜಿನ್ ನೀರು ಕುಡಿಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಕೈಬಿಟ್ಟಂತೆಯೇ.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ದಿನನಿತ್ಯದ ಓಟದಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿಯೇ ಇರುತ್ತದೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿಟ್ಟು ಹಿಂದಿನ ಪೈಪನ್ನು ದಪ್ಪ ಮಾಡಿದರೆ ಏನು ಬಂತು? ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ಪರೀಕ್ಷೆಯಲ್ಲಿ, ಕಂಪ್ಯೂಟರ್ ನಿಯಂತ್ರಿತ ಕಾರುಗಳ ಫಿಲ್ಟರ್ ಕಟ್ಟಿಕೊಂಡಿದ್ದಾಗಲೂ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ.

ಹಟ ಬಿಡದಿದ್ದರೆ, ಹಳೆಯ ಡಬ್ಬದಲ್ಲೇ ಕೂರುವ, ತೊಳೆದು ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಕೊಡಿಸಿ. ಎಣ್ಣೆ ಮಾತ್ರ ಹದವಾಗಿರಲಿ. ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿ "ಚೆಕ್ ಎಂಜಿನ್" ದೀಪ ಹೊತ್ತಬಹುದು. ನನ್ನನ್ನು ಕೇಳಿದರೆ, ಕಾಗದದ ಫಿಲ್ಟರನ್ನೇ ಕಾಲಕಾಲಕ್ಕೆ ಬದಲಿಸಿದರೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿರುವವರು ಇನ್ನೊಂದು ವಿಷಯ ಗಮನಿಸಬೇಕು. ಇಂಥ ಕೊಳವೆಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇರಬೇಕು, ಅದೂ ನಿಮ್ಮದೇ ಮಾಡೆಲ್ ಮತ್ತು ವರ್ಷಕ್ಕೆ. ಇಲ್ಲವಾದರೆ ಸ್ಮಾಗ್ ಪರೀಕ್ಷೆಯವರು ಬಾನೆಟ್ ಎತ್ತಿ ನೋಡಿಯೇ ಫೇಲ್ ಮಾಡುತ್ತಾರೆ, ಹೊಗೆ ಎಷ್ಟೇ ಶುದ್ಧವಾಗಿರಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಹೊಳೆಯುವ ಕೊಳವೆ ಕಂಡರೆ, ಆ ಸಂಖ್ಯೆಯ ಸ್ಟಿಕರ್ ಎಲ್ಲಿದೆ ಎಂದು ಕೇಳಿ. ಸ್ಟಿಕರ್ ಇಲ್ಲದಿದ್ದರೆ, ಹಳೆಯ ಡಬ್ಬವನ್ನಾದರೂ ಗ್ಯಾರೇಜಿನಿಂದ ಹುಡುಕಿಸಿ ಜೊತೆಗೆ ತನ್ನಿ.