ಹಳೇ ಜೀಪಿಗೆ ಬೇರೆ ಇಂಜಿನ್: ಲಾಭವೋ, ನಷ್ಟವೋ?



ಮಳೆಗಾಲ ಹಿಂದೆ ಸರಿದು ಕೊಯ್ಲಿನ ಸಿದ್ಧತೆ ಆರಂಭವಾಗುವ ದಿನಗಳಲ್ಲಿ ಸಂಘದ ಕಛೇರಿಗೆ ಬರುವ ಸಾಲದ ಅರ್ಜಿಗಳಲ್ಲಿ, ಗೊಬ್ಬರ ಮತ್ತು ಕೂಲಿ ಬಟವಾಡೆಯ ಅರ್ಜಿಗಳ ಜೊತೆಗೆ, ಜೀಪಿನ ಸಲುವಾಗಿ ಬರೆದವು ಒಂದೆರಡಾದರೂ ಇದ್ದೇ ಇರುತ್ತವೆ. "ಇಂಜಿನ್ ಸೋತಿದೆ, ಬೇರೆ ಇಂಜಿನ್ ಕೂರಿಸಬೇಕಾಗಿದೆ" ಎಂಬುದೇ ಅವುಗಳ ಸಾರಾಂಶ. ನಮ್ಮ ಕಡೆ ಜೀಪು ಶೋಕಿಯ ವಸ್ತುವಲ್ಲ. ಕಾಫಿ ಹಣ್ಣು ಪಲ್ಪರ್ ಮನೆಗೆ ಬರುವುದು, ಅಡಿಕೆ ಗೊನೆ ಅಂಗಳ ಸೇರುವುದು, ಬೋರ್ಡೋ ದ್ರಾವಣದ ಪೀಪಾಯಿ ತೋಟದ ತಲೆಗೆ ಹೋಗುವುದು, ನಡುರಾತ್ರಿಯಲ್ಲಿ ಹೆರಿಗೆಯ ಹೆಂಗಸು ಆಸ್ಪತ್ರೆ ಮುಟ್ಟುವುದು ಎಲ್ಲವೂ ಅದರಲ್ಲೇ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ವಿಚಾರ ಮಾಡೋಣ.

ಮೊದಲು ರೋಗ ತಿಳಿಯಿರಿ

ಎಳೆಯುವ ಶಕ್ತಿ ಕುಂದಿದ ಮಾತ್ರಕ್ಕೆ ಇಂಜಿನ್ ಸತ್ತಿತೆಂದು ಅರ್ಥವಲ್ಲ. ಡೀಸೆಲ್ ಜೀಪು ಕಪ್ಪು ಹೊಗೆ ಉಗುಳುತ್ತಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ನಾಝಲ್ ಅಥವಾ ಪಂಪಿನ ದೋಷವಿರಬಹುದು. ಇಂಜಿನ್ ಬಿಚ್ಚದೆಯೇ ಸರಿಪಡಿಸಬಹುದಾದ ಕೆಲಸಗಳಿವು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ರಿಂಗ್, ಲೈನರ್ ಅಥವಾ ವಾಲ್ವಿನ ಕಡೆ ನೋಡಬೇಕು. ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಅದರಲ್ಲಿ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು. ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ತೀರಾ ಇಳಿದರೆ ಬೇರಿಂಗ್ ಸವೆದಿರಬಹುದು. ನಾಲ್ಕು ಸಿಲಿಂಡರುಗಳ ಕಂಪ್ರೆಶನ್ ಅಳೆಸಿ, ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬ್ಲಾಕ್ ಬಿರುಕು ಬಿಟ್ಟಿಲ್ಲವಾದರೆ, ಕ್ರ್ಯಾಂಕ್ ಇನ್ನೊಮ್ಮೆ ಗ್ರೈಂಡ್ ಮಾಡಲು ಬರುವಂತಿದ್ದರೆ, ಅದೇ ಇಂಜಿನನ್ನು ಪೂರ್ತಿ ಓವರ್‌ಹಾಲ್ ಮಾಡಿಸುವ ದಾರಿ ತೆರೆದೇ ಇದೆ.

ಯಾವ ಜೀಪು, ಯಾವ ಇಂಜಿನ್?

ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಸಿ.ಜೆ.3ಬಿ ಮಾದರಿಯೇ ಮುಂದೆ ಇಲ್ಲಿಯೂ ತಯಾರಾಯಿತು. ಅದರ 'ಹರಿಕೇನ್' ಪೆಟ್ರೋಲ್ ಇಂಜಿನ್ ಸುಮಾರು 2200 ಸಿ.ಸಿ.ಯದು. ಗಾಳಿ ಒಳಬಿಡುವ ವಾಲ್ವುಗಳು ಅದರಲ್ಲಿ ಮೇಲ್ಭಾಗದ ಹೆಡ್ಡಿಗೆ ಬಂದಿದ್ದರಿಂದ ಇಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಂತರ ಟ್ರ್ಯಾಕ್ಟರ್ ಮೂಲದ ಡೀಸೆಲ್ ಇಂಜಿನ್ನುಗಳು ಬಂದವು. 1980ರ ದಶಕದ ಎಂ.ಎಂ.540 ಜೀಪಿಗೆ ಪ್ಯೂಜೋ ಮೂಲದ 2112 ಸಿ.ಸಿ. ಡೀಸೆಲ್ ಇಂಜಿನ್ ಬಂತು. ಆಮೇಲಿನದು 2523 ಸಿ.ಸಿ.ಯ ಡಿ.ಐ. ಇಂಜಿನ್.

ಹೀಗಾಗಿ "ಇಂಜಿನ್ ಬದಲಿ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಪ್ಯೂಜೋ ತೆಗೆದು ಇನ್ನೊಂದು ಪ್ಯೂಜೋ ಕೂರಿಸುವುದು ಒಂದು. ಪೆಟ್ರೋಲ್ ತೆಗೆದು ಡಿ.ಐ. ಕೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಇಂಜಿನಿನ ಬೆಲೆ ಕೇವಲ ಆರಂಭ. ಮೌಂಟಿಂಗ್, ಬೆಲ್ ಹೌಸಿಂಗ್, ಕ್ಲಚ್, ರೇಡಿಯೇಟರ್, ಸೈಲೆನ್ಸರ್ ಪೈಪು, ದೊಡ್ಡ ಬ್ಯಾಟರಿ, ಡೀಸೆಲ್ ಲೈನುಗಳು, ಕೆಲವೊಮ್ಮೆ ಗೇರ್ ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟು ಸಹ ಒಂದೊಂದಾಗಿ ಬಿಲ್ಲಿಗೆ ಸೇರುತ್ತವೆ. ಹಗುರ ಪೆಟ್ರೋಲ್ ಇಂಜಿನ್ನಿಗೆಂದು ಮಾಡಿದ ಗೇರ್ ಬಾಕ್ಸಿಗೆ ಹೆಚ್ಚಿನ ಎಳೆತದ ಡೀಸೆಲ್ ಜೋಡಿಸಿದರೆ, ಹೊರೆ ಹೊತ್ತು ಏರು ಹತ್ತುವಾಗ ಮೊದಲು ಸೋಲುವುದು ಗೇರಿನ ಹಲ್ಲು.

ಬುಡ ನೋಡಿ ಕತ್ತಿ ಹಾಕಿ

ಹಳೆಯ ಕಾಫಿ ಗಿಡದ ಬುಡ ಗಟ್ಟಿಯಿದ್ದರೆ ಮೇಲೆ ಕತ್ತರಿಸಿ ಹೊಸ ಚಿಗುರು ಬಿಡಿಸುತ್ತೇವೆ. ಬುಡಕ್ಕೇ ಬಿಳಿ ಕಾಂಡಕೊರಕ ಹೊಕ್ಕಿದ್ದರೆ ಕಿತ್ತು ಸುಡುತ್ತೇವೆ. ಜೀಪಿನ ಬುಡವೆಂದರೆ ಚಾಸಿ. ನಮ್ಮ ಮಳೆಯಲ್ಲಿ, ಕೆಸರು ಮೆತ್ತಿದ ಕಡೆಯಲ್ಲೆಲ್ಲ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಜೀಪನ್ನು ಎತ್ತಿಸಿ, ಸ್ಪ್ರಿಂಗ್ ಹ್ಯಾಂಗರುಗಳ ಬಳಿ, ಅಡ್ಡ ತೊಲೆಗಳ ಬಳಿ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ. ಸದ್ದು ಮಂದವಾದರೆ, ಪದರ ಉದುರಿದರೆ, ಅಂಥ ಚಾಸಿಯ ಮೇಲೆ ಯಾವ ಇಂಜಿನ್ ಕೂರಿಸಿದರೂ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಬ್ರೇಕಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬಹಳಷ್ಟರಲ್ಲಿ ಬೂಸ್ಟರ್ ಇಲ್ಲ. ಬೂಸ್ಟರ್ ಹಾಕಿಸುವುದಾದರೆ ಡೀಸೆಲ್ ಇಂಜಿನ್ನಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಎಳೆಯುವ ಶಕ್ತಿಯನ್ನು ಹೆಚ್ಚಿಸಿ, ಹಿಡಿಯುವ ಶಕ್ತಿಯನ್ನು ಇದ್ದ ಹಾಗೇ ಬಿಟ್ಟ ಜೀಪು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತೀತು. ಇಳಿಯುವಾಗ ಏನಾದೀತೆಂಬುದನ್ನು ಮಾಲೀಕರೇ ಯೋಚಿಸಬೇಕು. ಹಿಂದೆ ಕುಳಿತಿರುವವರು ನಮ್ಮನ್ನು ನಂಬಿ ಕೆಲಸಕ್ಕೆ ಬಂದ ಆಳುಗಳು.

ಎಣ್ಣೆಯ ಲೆಕ್ಕ

"ಮೈಲೇಜ್ ಉಳಿತಾಯದಲ್ಲೇ ಸಾಲ ತೀರುತ್ತದೆ" ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಒಂದು ಉದಾಹರಣೆಯಿಂದ ನೋಡೋಣ. ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ಜೀಪು ವರ್ಷಕ್ಕೆ 5,000 ಕಿ.ಮೀ. ಓಡುತ್ತದೆ ಎನ್ನಿ. ಓವರ್‌ಹಾಲ್ ಆದ ಹಳೇ ಡೀಸೆಲ್ ಇಂಜಿನ್ ಲೀಟರಿಗೆ 9, ಬೇರೆ ಇಂಜಿನ್ 12 ಕಿ.ಮೀ. ಕೊಟ್ಟರೆ ಉಳಿಯುವುದು ವರ್ಷಕ್ಕೆ ಸುಮಾರು 139 ಲೀಟರ್. ಲೀಟರಿಗೆ 90 ರೂ.ನಂತೆ 12,500 ರೂ. ಓವರ್‌ಹಾಲಿಗೆ 80 ಸಾವಿರ, ಬದಲಿಗೆ 2 ಲಕ್ಷ ಎಂದು ಹಿಡಿದರೆ ಹೆಚ್ಚುವರಿ ಖರ್ಚು 1,20,000 ರೂ. ಬಡ್ಡಿ ಬಿಟ್ಟರೂ ಅದು ಹಿಂದಿರುಗಲು ಒಂಬತ್ತೂವರೆ ವರ್ಷ ಬೇಕು.

ಪೆಟ್ರೋಲಿನಿಂದ ಡೀಸೆಲಿಗೆ ಹೋಗುವವರ ಲೆಕ್ಕ ಬೇರೆ. ಲೀಟರಿಗೆ 7 ಕಿ.ಮೀ. ಕೊಡುವ ಪೆಟ್ರೋಲ್ ಜೀಪು, 100 ರೂ. ದರದಲ್ಲಿ, ವರ್ಷಕ್ಕೆ 71,000 ರೂ.ಗೂ ಮಿಕ್ಕಿ ಕುಡಿಯುತ್ತದೆ, 12 ಕಿ.ಮೀ. ಕೊಡುವ ಡೀಸೆಲ್ 37,500 ರೂ. ಇಲ್ಲಿ ಅದೇ ಹೆಚ್ಚುವರಿ ಖರ್ಚು ಮೂರೂವರೆ ವರ್ಷದಲ್ಲಿ ಹುಟ್ಟುತ್ತದೆ. ಆಸೆ ಹುಟ್ಟುವುದು ಸಹಜವೇ. ಆದರೆ ಕಾನೂನಿನ ತೊಡಕು ಹೆಚ್ಚಿರುವುದೂ ಇಲ್ಲಿಯೇ.

ಆರ್.ಸಿ. ಪುಸ್ತಕದ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಈ ನಿಯಮವನ್ನು ಕಟ್ಟುನಿಟ್ಟಾಗಿ ಓದಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂ. ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ತಯಾರಿಕೆಯ, ಅದೇ ಮಾದರಿಯ ಇಂಜಿನ್ ಹಾಕುವುದಕ್ಕೂ ಆರ್.ಟಿ.ಓ. ಅನುಮತಿ ಮೊದಲೇ ಪಡೆದು, ಹೊಸ ಇಂಜಿನ್ ನಂಬರನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು. ಬೇರೆ ಜಾತಿಯ ಇಂಜಿನ್ನಿಗೆ ಅನುಮತಿ ಸಿಕ್ಕೇ ಸಿಗುವುದೆಂದು ನಂಬಿ ಮುಂಗಡ ಕೊಡಬೇಡಿ.

ಸ್ವಂತ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಷ್ಟೆ. ಆಗ ತನಿಖೆಯಲ್ಲಿ ನಂಬರ್ ತಾಳೆಯಾಗದಿದ್ದರೆ ಜೀಪು ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೊಂದೇ ಕಾರಣ ಸಾಕು. ಗುಜರಿಯಿಂದ ತರುವ ಇಂಜಿನ್ನಿಗೆ ರಶೀದಿ ಮತ್ತು ಅದು ಬಂದ ವಾಹನದ ದಾಖಲೆ ಇಲ್ಲದಿದ್ದರೆ ಮುಟ್ಟಲೇಬಾರದು. ಕದ್ದ ಮಾಲಾಗಿದ್ದರೆ ಠಾಣೆ ಹತ್ತಬೇಕಾದವರು ನೀವೇ.

ಎರಡು ಅರ್ಜಿಗಳು

ಹಿಂದೊಮ್ಮೆ ಒಂದೇ ಸಭೆಯ ಮುಂದೆ ಎರಡು ಅರ್ಜಿಗಳು ಬಂದವು. ಒಬ್ಬರದು ನಾಲ್ಕು ಎಕರೆ ಅಡಿಕೆ, ಎರಡು ಎಕರೆ ಕಾಫಿ. ಪ್ಯೂಜೋ ಇಂಜಿನ್ನಿನ ಬ್ಲಾಕ್ ಒಡೆದಿತ್ತು. ಚಾಸಿ ಗಟ್ಟಿ, ಮನೆಗೆ ಅದೊಂದೇ ವಾಹನ. ಅದೇ ಮಾದರಿಯ ಇಂಜಿನ್ನಿಗೆ ದಾಖಲೆ ತಂದರು, ಸಾಲ ಮಂಜೂರಾಯಿತು. ಇನ್ನೊಬ್ಬರದು ಪೆಟ್ರೋಲ್ ಜೀಪು, ಡಿ.ಐ. ಕೂರಿಸುವ ಆಸೆ. ತಟ್ಟಿ ನೋಡಿದಾಗ ಹಿಂದಿನ ಅಡ್ಡ ತೊಲೆ ಕೈಗೇ ಬಂತು. ಜೀಪು ಅವರ ತಂದೆಯ ಕಾಲದ್ದು. "ಬೇಡ" ಎನ್ನುವುದು ನಮಗೂ ಸುಲಭವಾಗಿರಲಿಲ್ಲ. ಅವರು ಕೊಯ್ಲಿನ ದಿನಗಳಿಗೆ ಪಿಕಪ್ ಬಾಡಿಗೆಗೆ ಹಿಡಿದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ, ಆ ಬಾಡಿಗೆ ಅವರು ಕೇಳಿದ್ದ ಸಾಲದ ಒಂದು ವರ್ಷದ ಕಂತಿಗಿಂತ ಕಡಿಮೆಯೇ ಆಗಿತ್ತು.

ನಮ್ಮ ಅಭಿಪ್ರಾಯವಿಷ್ಟು. ಇಂಜಿನ್ ಓವರ್‌ಹಾಲಿಗೆ ಬರುವಂತಿದ್ದರೆ ಅದನ್ನೇ ಮಾಡಿಸಿ. ಬಾರದಿದ್ದರೆ, ಚಾಸಿ ಮತ್ತು ಬ್ರೇಕು ಗಟ್ಟಿಯಿದ್ದರೆ ಮಾತ್ರ, ಅದೇ ಮಾದರಿಯ ಇಂಜಿನ್ನನ್ನು ಅನುಮತಿ ಪಡೆದು ಹಾಕಿಸಿ. ಬುಡವೇ ಹೋಗಿದ್ದರೆ ಮಾರಿ, ದುಡಿದ ಜೀಪಿಗೆ ಕೈ ಮುಗಿಯಿರಿ. ಅರ್ಜಿ ಸಲ್ಲಿಸುವ ಸದಸ್ಯರು ಆರ್.ಸಿ. ಪ್ರತಿ, ಕಂಪ್ರೆಶನ್ ಅಂಕಿಗಳು ಹಾಗೂ ಮೆಕ್ಯಾನಿಕ್‌ನಿಂದ ಬರೆಸಿದ ಪೂರ್ತಿ ಅಂದಾಜು ಪಟ್ಟಿಯನ್ನು ಜೊತೆಗೆ ತರತಕ್ಕದ್ದು. ಹಣ್ಣು ಕೆಂಪಾಗುವ ಮೊದಲೇ ಈ ಕೆಲಸ ಮುಗಿಯಲಿ. ಕೊಯ್ಲಿನ ನಡುವೆ ಗ್ಯಾರೇಜಿನಲ್ಲಿ ನಿಂತ ಜೀಪಿನ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.