ಬಳಸುವವರೇ ಮೊದಲ ಪರೀಕ್ಷಕರು

ಆ್ಯಪ್, ಯಂತ್ರ, ಸಾಫ್ಟ್‌ವೇರ್‌ಗಳನ್ನು ಬಳಸುವುದು ಹೇಗೆಂದು ಸಾಮಾನ್ಯರಿಗೂ ತಿಳಿಯುವಂತೆ ಬರೆಯುವವರು ಟೆಕ್ನಿಕಲ್ ರೈಟರ್‌ಗಳು. ಕೋಡಿಂಗ್‌ನಲ್ಲಿ ಪಳಗದವರಿಗೂ ಐ.ಟಿ. ಕ್ಷೇತ್ರಕ್ಕೆ ಇದೊಂದು ದಾರಿ. ಆದರೆ ಅರ್ಜಿ ಹಾಕಿದಾಗಲೆಲ್ಲ ಎದುರಾಗುವ ಮಾತು ಒಂದೇ: ‘ನೀವು ಬರೆದದ್ದು ಏನಾದರೂ ಇದ್ದರೆ ತೋರಿಸಿ’. ಕೆಲಸವೇ ಸಿಗದವರು ಏನನ್ನು ತೋರಿಸಬೇಕು?

ನನ್ನದು ಜಗಳೂರು ತಾಲ್ಲೂಕಿನ ಬಿಳಿಚೋಡು. ಮಳೆ ನಂಬಿ ಶೇಂಗಾ, ಮೆಕ್ಕೆಜೋಳ ಬೆಳೆಯುವ ಮನೆಯವರಿಗೆ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕೆಲಸ ಹುಡುಕುವುದು ಕಷ್ಟ. ಹಾಗಾಗಿ ಊರಿನಲ್ಲೇ ಕುಳಿತು ಮಾದರಿ ಬರಹಗಳ ಪೋರ್ಟ್‌ಫೋಲಿಯೊ ಸಿದ್ಧಮಾಡಿಕೊಂಡೆ. ಇಲ್ಲದ ಆ್ಯಪ್‌ಗೆ ಕೈಪಿಡಿ ಬರೆಯುವ ಬದಲು, ಸುತ್ತಲಿನ ಜನ ಒದ್ದಾಡುವ ಮೂರು ಕೆಲಸಗಳನ್ನು ಆರಿಸಿಕೊಂಡೆ.

ಮೊದಲನೆಯದು, ಹನಿ ನೀರಾವರಿಯ ಫಿಲ್ಟರ್ ತೊಳೆಯುವುದು. ಫಿಲ್ಟರ್‌ಗೆ ನೀರು ಹೋಗುವ ಕಡೆ ಒತ್ತಡ ಏರಿ, ಹೊರಬರುವ ಕಡೆ ಇಳಿದರೆ ಕಸ ಕಟ್ಟಿದೆ ಎಂದರ್ಥ. ಮೋಟಾರ್ ನಿಲ್ಲಿಸಿ, ಒತ್ತಡ ಇಳಿದ ಮೇಲಷ್ಟೇ ಮುಚ್ಚಳ ತೆಗೆಯಬೇಕು. ಬರೆದ ಹಾಳೆಯನ್ನು ದೊಡ್ಡಪ್ಪನ ಕೈಗೆ ಕೊಟ್ಟು, ದೂರ ನಿಂತು ಸುಮ್ಮನೆ ನೋಡಿದೆ. ‘ಮುಚ್ಚಳ ಎತ್ತಾಗೆ ತಿರುವ್ಬೇಕಪ್ಪಾ?’ ಎಂದರು. ಬಾಯಲ್ಲಿ ಉತ್ತರ ಹೇಳಲಿಲ್ಲ; ಹಾಳೆಯಲ್ಲಿ ಬಾಣದ ಗುರುತು ಬರೆದುಕೊಟ್ಟೆ. ಆಮೇಲೆ ಅವರು ಏನನ್ನೂ ಕೇಳದೆ ಕೆಲಸ ಮುಗಿಸಿದರು.

ಎರಡನೆಯದು, ರೈತರೇ ಬೆಳೆ ವಿವರ ದಾಖಲಿಸಲು 2020ರ ಮುಂಗಾರಿನಲ್ಲಿ ಸರ್ಕಾರ ತಂದ ಬೆಳೆ ಸಮೀಕ್ಷೆ ಆ್ಯಪ್. ಫೋಟೊವನ್ನು ಹೊಲದಲ್ಲೇ ನಿಂತು ತೆಗೆಯಬೇಕು. ಹೊಲಕ್ಕೆ ಹೋದ ಮೇಲೆ ಸರ್ವೆ ನಂಬರ್ ನೆನಪಾಗದಿದ್ದರೆ ಮತ್ತೆ ಮನೆಗೆ ನಡೆಯಬೇಕು. ಅದಕ್ಕೇ ‘ಮನೆ ಬಿಡುವ ಮೊದಲು’ ಎಂಬ ಭಾಗ ಮೇಲಿಟ್ಟೆ: ಸರ್ವೆ ನಂಬರ್, ಓಟಿಪಿ ಬರುವ ಮೊಬೈಲ್, ಸಾಕಷ್ಟು ಚಾರ್ಜ್.

ಮೂರನೆಯದು ಜೆರಾಕ್ಸ್ ಅಂಗಡಿಯ ಅಕ್ಕನಿಗಾಗಿ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ಕ್ರಮವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದೆ. ಕಂಪನಿಗಳು ಕೇಳುವುದು ಹೆಚ್ಚಾಗಿ ಇಂಗ್ಲಿಷ್ ಬರಹವನ್ನೇ ಆದ್ದರಿಂದ ಈ ಜೋಡಿ ಮುಖ್ಯ.

ಪ್ರತಿ ಮಾದರಿಯ ಮೇಲೆ ನಾಲ್ಕು ಸಾಲು ಸೇರಿಸಿ: ಓದುವವರು ಯಾರು, ಅವರಿಗೆ ಮೊದಲೇ ಏನು ಗೊತ್ತು, ಪರೀಕ್ಷಿಸಿದಾಗ ಎಲ್ಲಿ ತಡವರಿಸಿದರು, ಬಳಿಕ ಏನು ಬದಲಾಯಿಸಿದಿರಿ. ಕರಡನ್ನೂ ತಿದ್ದಿದ ಪ್ರತಿಯನ್ನೂ ಪಕ್ಕಪಕ್ಕ ಇಡಿ. ಗಿಟ್‌ಹಬ್ ಪೇಜಸ್‌ನಲ್ಲಿ ಖರ್ಚಿಲ್ಲದೆ ಪ್ರಕಟಿಸಬಹುದು. ಅದಕ್ಕೆ ಬೇಕಾದ ಮಾರ್ಕ್‌ಡೌನ್ ಕಲಿಯಲು ಒಂದೆರಡು ದಿನ ಸಾಕು. ಬೇರೆಯವರ ಮನೆಯ ಸರ್ವೆ ನಂಬರ್, ಫೋನ್ ನಂಬರ್ ಚಿತ್ರಗಳಲ್ಲಿ ಕಾಣದಂತೆ ಅಳಿಸಿಬಿಡಿ.

ಸಂದರ್ಶನವೊಂದರಲ್ಲಿ ನನ್ನ ಅಂಕಗಳಿಗಿಂತ ಹೆಚ್ಚು ಹೊತ್ತು ಚರ್ಚೆಯಾದದ್ದು ಆ ಬಾಣದ ಗುರುತಿನ ಬಗ್ಗೆ. ಬಳಸುವವರನ್ನು ಗಮನಿಸಿ ಬರೆದಿದ್ದೇವೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನ್ನಲ್ಲಿರಲಿಲ್ಲ, ಬೇಕಾಗಲೂ ಇಲ್ಲ.

ನಿಮ್ಮೂರಿನ ಹಾಲಿನ ಡೇರಿ, ಗ್ರಾಮ ಒನ್ ಕೇಂದ್ರ, ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ದಿನ ನಿಂತು ನೋಡಿ. ಜನ ಪದೇ ಪದೇ ಕೇಳುವ ಒಂದು ಪ್ರಶ್ನೆ ಹಿಡಿದುಕೊಂಡು ಈ ವಾರವೇ ಒಂದು ಪುಟ ಬರೆಯಿರಿ. ಬರೆದದ್ದನ್ನು ಅವರ ಕೈಗೇ ಕೊಡಿ.